ಮಾಕಿಟೊ, ಮಾಕ್‌ಕೆ, ಕೈಲಿ ಬರ್ದ ಫೇಕ್: ಮೂರನ್ನೂ ಹಾಕಿ ನೋಡ್ದೆ

ನನ್ನದೊಂದು ಚಿಕ್ಕ ನೋಟ್ಸ್ ಆ್ಯಪ್ ಇದೆ, ಆಂಡ್ರಾಯ್ಡ್, ಕೋಟ್ಲಿನ್. ಅದರ ವ್ಯೂಮಾಡೆಲ್‌ಗೆ (ಸ್ಕ್ರೀನ್‌ಗೆ ಡೇಟಾ ಒದಗಿಸೋ ಕ್ಲಾಸ್) ಯುನಿಟ್ ಟೆಸ್ಟ್ ಬರೆಯೋಕೆ ಕೂತಾಗ, ನೋಟ್ಸ್ ಉಳಿಸಿ ತಂದುಕೊಡೋ ರೆಪಾಸಿಟರಿ ಜಾಗದಲ್ಲಿ ಯಾವ ನಕಲಿ ಕೂರಿಸೋದು ಅನ್ನೋದೇ ತಲೆನೋವಾಗಿ, ಅವೇ ಟೆಸ್ಟ್‌ಗಳನ್ನ ಮೂರು ಥರ ಬರ್ದು ನೋಡ್ದೆ.

ಮಾಕಿಟೊ ಅಂದ್ರೆ ಮಾಕ್, ಅಂದ್ರೆ ಕ್ಲಾಸ್‌ನ ನಕಲಿ, ತಾನೇ ಮಾಡಿಕೊಡೋ ಲೈಬ್ರರಿ, ಜಾವಾ ಕಾಲದಿಂದ ಕೈಗೆ ಪಳಗಿದ್ದು. ಕೋಟ್ಲಿನ್ ಕ್ಲಾಸ್ ಓಪನ್ ಅಂತ ಬರೀದಿದ್ರೆ ಫೈನಲ್ಲೇ (ಅದನ್ನ ಎಕ್ಸ್‌ಟೆಂಡ್ ಮಾಡೋಕಾಗಲ್ಲ), ಹಳೇ ವರ್ಷನ್‌ಗಳಲ್ಲಿ ಅದನ್ನ ಮಾಕ್ ಮಾಡೋಕೆ ಇನ್‌ಲೈನ್ ಲೈಬ್ರರಿ ಬೇರೆ ಸೇರಿಸ್ಬೇಕಿತ್ತು, 5ನೇ ವರ್ಷನ್‌ನಿಂದ ಆ ಕಾಟ ಇಲ್ಲ. ಆದ್ರೂ 'ಯಾವ ಆರ್ಗ್ಯುಮೆಂಟ್ ಬಂದ್ರೂ ಸರಿ' ಅನ್ನೋ 'ಎನಿ' ಮ್ಯಾಚರ್ ನಲ್ ವಾಪಸ್ ಕೊಟ್ಟು ಕೋಟ್ಲಿನ್ ಸಿಟ್ಟಾಗೋದು, ಮಾಕಿಟೊದ 'ವೆನ್' ಕೋಟ್ಲಿನ್‌ನಲ್ಲಿ ಕೀವರ್ಡ್ ಆಗಿರೋದ್ರಿಂದ ಪ್ರತಿ ಸಲ ಬ್ಯಾಕ್‌ಟಿಕ್ ಹಾಕೋದು... ಮಾಕಿಟೊ-ಕೋಟ್ಲಿನ್ ಅನ್ನೋ ಲೈಬ್ರರಿ ಸೇರಿಸಿದ್ರೆ ಎರಡೂ ಸರಿಹೋಗುತ್ತೆ.

ಮಾಕ್‌ಕೆನೂ ಮಾಕ್ ಲೈಬ್ರರಿನೇ, ಕೋಟ್ಲಿನ್‌ಗೇ ಹುಟ್ಟಿದ್ದು, ಸಸ್ಪೆಂಡ್ ಫಂಕ್ಷನ್‌ಗೆ (ಮಧ್ಯೆ ನಿಂತು ಆಮೇಲೆ ಮುಂದುವರಿಯಬಲ್ಲದ್ದು) 'ಕೋ-ಎವ್ರಿ' ಅಂದ್ರೆ ಮುಗೀತು. ಖುಷಿಯಲ್ಲಿ ಎಲ್ಲಾ ಕಡೆ 'ರಿಲ್ಯಾಕ್ಸ್ಡ್' (ಉತ್ತರ ಹೇಳಿಕೊಡದ ಫಂಕ್ಷನ್‌ಗೂ ಏನೋ ಒಂದು ಡೀಫಾಲ್ಟ್ ಕೊಡೋ ಸೆಟ್ಟಿಂಗ್) ಟ್ರೂ ಮಾಡಿ ಬಿಟ್ಟೆ, ಅಲ್ಲೇ ಎಡವಿದ್ದು. ಸಿಂಕ್ ಆಗ್ಬೇಕಾದ ನೋಟ್ಸ್ ಎಷ್ಟಿದೆ ಅಂತ ಹೇಳೋ ಫಂಕ್ಷನ್‌ಗೆ ಸ್ಟಬ್ (ಕರೆದಾಗ ಏನು ಉತ್ತರ ಕೊಡ್ಬೇಕು ಅನ್ನೋ ಸಾಲು) ಬರೆಯೋದು ಮರ್ತಿದ್ದೆ, ಮಾಕ್ ಸುಮ್ನೆ 0 ಕೊಡ್ತು, ಸಿಂಕ್ ಲೂಪ್ ಒಂದ್ಸಲಾನೂ ಓಡ್ಲಿಲ್ಲ, "ಎರರ್ ಬರಬಾರದು" ಅನ್ನೋ ಟೆಸ್ಟ್ ಹಸಿರಾಗಿ ಕೂತಿತ್ತು. ಓಡದೇ ಇರೋದಕ್ಕೆ ಎರರ್ ಎಲ್ಲಿಂದ ಬರ್ಬೇಕು! ರಿಲ್ಯಾಕ್ಸ್ಡ್ ತೆಗೆದ ತಕ್ಷಣ 'ನೋ ಆನ್ಸರ್ ಫೌಂಡ್' ಅಂತ ಫಂಕ್ಷನ್ ಹೆಸರು ಸಮೇತ ಕೆಂಪಾಯ್ತು. ಮಾಕಿಟೊದಲ್ಲಾದ್ರೆ ಆ 0 ನಾವು ಕೇಳದೇನೇ ಬರುತ್ತೆ, ಅದಕ್ಕೇ ಈ ವಿಷಯದಲ್ಲಿ ಮಾಕ್‌ಕೆನೇ ಮೇಲು.

(ಕೆಲಸವನ್ನ ಮೇನ್ ಥ್ರೆಡ್‌ಗೆ ಕಳಿಸೋ ಮೇನ್ ಡಿಸ್ಪ್ಯಾಚರ್ ಇಲ್ಲ ಅಂತ ಟೆಸ್ಟ್ ಬಿದ್ರೆ ಮೂರರ ತಪ್ಪೂ ಅಲ್ಲ, ಸೆಟ್‌ಮೇನ್ ಮಾಡಿ ಟೆಸ್ಟ್ ಡಿಸ್ಪ್ಯಾಚರ್ ಕೊಡಿ. ಇದಕ್ಕೆ ನಾನು ಅರ್ಧ ದಿನ ಮಾಕ್‌ನೇ ಬೈಕೊಂಡಿದ್ದೆ.)

ಫೇಕ್ ಅಂದ್ರೆ ಇಂಟರ್‌ಫೇಸ್ ಹಿಡ್ಕೊಂಡು ನಾವೇ ಬರೆಯೋ ಕ್ಲಾಸ್, ಒಳಗೊಂದು ಮ್ಯೂಟಬಲ್ ಲಿಸ್ಟ್, ಬೇಕಂತ್ಲೇ ಫೇಲ್ ಮಾಡಿಸೋಕೆ ಒಂದು ಬೂಲಿಯನ್, ಎಲ್ಲಾ ಸೇರಿ 30 ಲೈನ್. ಬರೆಯೋಕೆ ಬೇಜಾರು ನಿಜ, ಆದ್ರೆ ರೆಪಾಸಿಟರಿಯಲ್ಲಿ ಒಂದು ಫಂಕ್ಷನ್‌ನ ಪ್ಯಾರಾಮೀಟರ್ ಬದ್ಲಾಯಿಸಿದಾಗ ಮಾಕ್ ಟೆಸ್ಟ್‌ಗಳಲ್ಲಿ ಸ್ಟಬ್ ಇದ್ದ ಕಡೆಯೆಲ್ಲಾ ತಿದ್ಕೊಂಡು ಕೂತೆ, ಫೇಕ್‌ನಲ್ಲಿ ಒಂದೇ ಕಡೆ. ಈಗ ರೆಪಾಸಿಟರಿಗೆಲ್ಲಾ ಫೇಕ್, "ಈ ಇವೆಂಟ್ ಹೋಯ್ತಾ ಇಲ್ವಾ" ಅಂತ ಮಾತ್ರ ನೋಡ್ಬೇಕಾದ ಅನಲಿಟಿಕ್ಸ್‌ಗೆ ಮಾಕ್‌ಕೆ.

ಫೇಕೂ ಸುಳ್ಳು ಹೇಳುತ್ತೆ ಅಂತ ಆಮೇಲೆ ಗೊತ್ತಾಯ್ತು. ಆ್ಯಪ್‌ನ ಡೇಟಾಬೇಸ್ ಲೈಬ್ರರಿ ರೂಮ್‌ನ ಕ್ವೆರಿ ಹೊಸ ನೋಟ್ ಮೊದ್ಲು ಕೊಡ್ತಿತ್ತು, ನನ್ನ ಫೇಕ್ ಸೇರಿಸಿದ ಕ್ರಮದಲ್ಲೇ ಕೊಡ್ತಿತ್ತು, ಟೆಸ್ಟ್ ಪಾಸು, ಸ್ಕ್ರೀನ್‌ನಲ್ಲಿ ಲಿಸ್ಟ್ ತಲೆಕೆಳಗು. ಅವತ್ತಿಂದ ಸೇರಿಸು, ಅಳಿಸು, ಕ್ರಮ, ಖಾಲಿ ಲಿಸ್ಟ್ ಅನ್ನೋ ನಾಲ್ಕು ಟೆಸ್ಟ್‌ಗಳನ್ನ ಫೇಕ್ ಮೇಲೂ ಇನ್-ಮೆಮೊರಿ ರೂಮ್ ಮೇಲೂ ಓಡಿಸ್ತೀನಿ.