ಬ್ರೈಟ್ ಬೇಕಾ, ಡಾರ್ಕ್ ಬೇಕಾ: ಕೃಷ್ಣ ವೇಷದ ಮಗುವಿಗೆ ನಾಲ್ಕು ಬಗೆಯ ಎಕ್ಸ್‌ಪೋಷರ್

ಮಕ್ಕಳ ಫೋಟೋ ತೆಗೆಸಲು ಬರುವವರು ಈಗ ಸುಮ್ನೆ ಬರುವುದಿಲ್ಲ. ಫೋನಿನಲ್ಲಿ ನಾಲ್ಕಾರು ಚಿತ್ರ ಉಳಿಸಿಕೊಂಡೇ ಬರುತ್ತಾರೆ. ಒಂದೋ ಗೋಡೆ, ಬಟ್ಟೆ, ಹಾಸಿಗೆ ಎಲ್ಲವೂ ಬಿಳಿಯಾಗಿರುವ ಚಿತ್ರ. ಇಲ್ಲವೇ ಕಡುಗಂದು ಹಿನ್ನೆಲೆಯಲ್ಲಿ ಮಗುವಿನ ಅರ್ಧ ಮುಖ ಮಾತ್ರ ಬೆಳಗುವ ಚಿತ್ರ. "ಹೀಗೇ ಬರಬೇಕು ಅಣ್ಣ" ಅನ್ನುತ್ತಾರೆ. ಜೊತೆಗೆ ಬಂದ ಅಜ್ಜಿ ಇನ್ನೊಂದು ಮಾತು ಸೇರಿಸುತ್ತಾರೆ: "ಸ್ವಲ್ಪ ಬೆಳ್ಳಗೆ ಬರಲಿ."

ಸ್ಟುಡಿಯೋ ಇಟ್ಟವರಿಗೆಲ್ಲ ಗೊತ್ತಿರುವ ಪ್ರಶ್ನೆ ಇದು. ಗಿರಾಕಿಯ ಇಷ್ಟಕ್ಕೆ ತಕ್ಕ ಹಾಗೆ ಕ್ಯಾಮೆರಾದಲ್ಲೇ ಎಕ್ಸ್‌ಪೋಷರ್, ಅಂದರೆ ಚಿತ್ರದ ಬೆಳಕಿನ ಮಟ್ಟ, ಏರಿಸಬೇಕಾ, ಇಳಿಸಬೇಕಾ? ಅಥವಾ ಸರಿಯಾಗಿ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ನೋಡಿಕೊಳ್ಳಬೇಕಾ? ಒಂದೇ ಮಗು, ಒಂದೇ ಕಿಟಕಿ, ಒಂದೇ ವೇಷ ಇಟ್ಟುಕೊಂಡು ನಾಲ್ಕು ರೀತಿಯಲ್ಲಿ ತೆಗೆದೆ. ಎಲ್ಲಕ್ಕೂ ಪ್ರಿಂಟ್ ಹಾಕಿಸಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ.

ಮಗು ನನ್ನ ತಂಗಿಯ ಮಗ, ಗೋಧಿ ಬಣ್ಣದವನು. ಜಾಗ ಶಿವಮೊಗ್ಗ, ಕೃಷ್ಣಾಷ್ಟಮಿಯ ಹೊತ್ತು. ಹೊರಗೆ ಮಳೆಗಾಲದ ಮೋಡ, ಉತ್ತರದ ಕಿಟಕಿಗೆ ಕಟ್ಟಿದ ಬಿಳಿ ಪಂಚೆ, ಅದರಿಂದ ಸೋಸಿ ಬರುವ ಮೆತ್ತನೆ ಬೆಳಕು. ಕೃಷ್ಣ ವೇಷ ಬೇಕೆಂದೇ ಆರಿಸಿದೆ. ಬೆಣ್ಣೆಯ ಬದಲು ಮಡಕೆಯಲ್ಲಿ ತುಂಬಿದ ಬಿಳಿ ಹತ್ತಿ, ಹಳದಿ ಪಂಚೆಯ ಮಿನುಗುವ ಜರಿ, ನವಿಲುಗರಿ, ಕಣ್ಣಿಗೆ ಕಾಡಿಗೆ, ಎಡಗೆನ್ನೆಗೆ ದೃಷ್ಟಿ ಬೊಟ್ಟು. ಅತಿ ಬಿಳಿಯಿಂದ ಅತಿ ಕಪ್ಪಿನವರೆಗೆ ಎಲ್ಲವೂ ಒಂದೇ ಫ್ರೇಮಿನಲ್ಲಿ ಇರುತ್ತದೆ. ಎಕ್ಸ್‌ಪೋಷರ್ ಎಲ್ಲಿ ತಪ್ಪಿದರೂ ತಕ್ಷಣ ಕಾಣುತ್ತದೆ. ಲೆನ್ಸ್ 85 ಎಂಎಂ, ಅಪರ್ಚರ್ ಎಫ್ 2.8, ಶಟರ್ 1/250 ಸೆಕೆಂಡ್. ಕುಳಿತ ಮಗುವಾದರೂ ಅದಕ್ಕಿಂತ ನಿಧಾನಕ್ಕೆ ಇಳಿಸಬೇಡಿ, ಕೈಕಾಲು ಒಂದು ಕ್ಷಣ ನಿಲ್ಲುವುದಿಲ್ಲ. ಏರಿಸಿದ್ದು ಇಳಿಸಿದ್ದು ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಮಾತ್ರ.

ಹೋಲಿಕೆಗೆ ಮುಂಚೆ ಬೆಳಕು ಅಳೆಯುವ ಮೀಟರಿನ ವಿಷಯ ಹೇಳಿಬಿಡುತ್ತೇನೆ, ಗೊಂದಲ ಶುರುವಾಗುವುದೇ ಅಲ್ಲಿ. ಕ್ಯಾಮೆರಾ ಏನನ್ನೇ ನೋಡಿದರೂ ಅದನ್ನು ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಹಿನ್ನೆಲೆ ಇಟ್ಟರೆ ಬೆಳಕು ಜಾಸ್ತಿ ಇದೆ ಅಂದುಕೊಂಡು ಇಳಿಸುತ್ತದೆ, ಮುಖ ಕಪ್ಪಾಗುತ್ತದೆ. ಕಪ್ಪು ಹಿನ್ನೆಲೆ ಇಟ್ಟರೆ ಏರಿಸುತ್ತದೆ, ಮುಖ ಬರ್ನ್ ಆಗುತ್ತದೆ. ಅಂದರೆ ಗಿರಾಕಿ ಬ್ರೈಟ್ ಕೇಳಿದಾಗ ಆಟೋದಲ್ಲಿ ಮುಖ ಡಾರ್ಕ್ ಬರುತ್ತದೆ, ಡಾರ್ಕ್ ಕೇಳಿದಾಗ ಮುಖ ಓವರ್ ಆಗುತ್ತದೆ. ಅದಕ್ಕೇ ನಾನು ಮ್ಯಾನುಯಲ್‌ನಲ್ಲಿ, ಒಂದು ಚಿಕ್ಕ ಜಾಗವನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರನ್ನು ಮುಖಕ್ಕೆ ಹಿಡಿದು ತೆಗೆಯುತ್ತೇನೆ. ಗೋಧಿ ಬಣ್ಣದ ಕೆನ್ನೆಗೆ ಮೀಟರ್ ಸೊನ್ನೆಯ ಹತ್ತಿರ ನಿಂತರೆ ಸಾಕು. ಮಗು ಅಲುಗಾಡುತ್ತಿದ್ದರೆ ಅದೇ ಬೆಳಕಿನಲ್ಲಿ ನನ್ನ ಅಂಗೈ ಹಿಡಿದು ಅಳೆಯುತ್ತೇನೆ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ (ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು, ಇಳಿದರೆ ಅರ್ಧ) ಬೆಳಗು, ಹಾಗಾಗಿ ಮೀಟರ್ ಪ್ಲಸ್ ಒಂದು ತೋರಿಸುವ ಹಾಗೆ ಇಡಬೇಕು.

ಮೊದಲನೆಯ ದಾರಿ ಎಲ್ಲಕ್ಕಿಂತ ಸುಲಭದ್ದು. ಮುಖದ ಅಳತೆಗಿಂತ ಒಂದು ಸ್ಟಾಪ್ ಜಾಸ್ತಿ ಬಿಟ್ಟು, ಜೆಪೆಗ್‌ನಲ್ಲಿ ತೆಗೆದು, ಹಾಗೇ ಕೊಡುವುದು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ ಚೆನ್ನಾಗಿಯೇ ಇತ್ತು, ತಂಗಿಗೂ ಇಷ್ಟವಾಯಿತು. ಪ್ರಿಂಟ್‌ನಲ್ಲಿ ಬಣ್ಣ ಬಯಲಾಯಿತು. ಹತ್ತಿಯಲ್ಲಿ ಒಂದು ಎಳೆಯೂ ಇಲ್ಲ, ಮಡಕೆಯ ಬಾಯಲ್ಲಿ ಬಿಳಿ ಕಾಗದ ಅಂಟಿಸಿದಂತಿದೆ. ಜರಿ ಹೊಳೆಯುವುದಿಲ್ಲ, ಸತ್ತ ಬಿಳಿಯಾಗಿದೆ. ನನಗೆ ಜಾಸ್ತಿ ಬೇಸರವಾಗಿದ್ದು ಕೆನ್ನೆ ನೋಡಿ. ಕಿಟಕಿಯ ಕಡೆಯ ಕೆನ್ನೆಯಲ್ಲಿ ದೃಷ್ಟಿ ಬೊಟ್ಟು ಮಾತ್ರ ಕರ್ರಗೆ ಉಳಿದಿದೆ, ಸುತ್ತಲಿನ ಚರ್ಮ ಹಳದಿ ತಿರುಗಿದೆ. ಚರ್ಮದಲ್ಲಿ ಕೆಂಪು ಜಾಸ್ತಿ ಇರುವುದರಿಂದ ಮೊದಲು ತುಂಬಿಹೋಗುವುದು ಕೆಂಪು ಚಾನಲ್. ಅದು ಗರಿಷ್ಠ ಮಟ್ಟವಾದ 255ಕ್ಕೆ ಹೋಗಿ ನಿಂತ ಮೇಲೂ ಹಸಿರು ಏರುತ್ತಲೇ ಇರುತ್ತದೆ, ಹಾಗಾಗಿ ಬಣ್ಣ ಹಳದಿಗೆ ವಾಲುತ್ತದೆ. ಬೆಳಕಿನ ಹಂಚಿಕೆಯ ನಕ್ಷೆಯಾದ ಸಾದಾ ಹಿಸ್ಟೋಗ್ರಾಮ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೂರು ಬಣ್ಣವನ್ನೂ ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿಕೊಂಡರೆ ಮಾತ್ರ ಕಾಣುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಇಳಿಸಿದರೆ ಆ ಜಾಗ ಬೂದುಬಣ್ಣಕ್ಕೆ ಬರುತ್ತದೆಯೇ ಹೊರತು ಕೆನ್ನೆ ವಾಪಸ್ ಬರುವುದಿಲ್ಲ.

ಎರಡನೆಯದರಲ್ಲಿ ಮುಖಕ್ಕೆ ಸರಿಯಾಗಿ ಅಳೆದು, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ತೆಗೆದು, ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಬ್ರೈಟ್ ಮಾಡಿದೆ. 14 ಬಿಟ್ ರಾ ಫೈಲಿನಲ್ಲಿ ಒಂದೊಂದು ಬಣ್ಣಕ್ಕೂ 16,384 ಹಂತ ಇರುತ್ತವೆ, 8 ಬಿಟ್ ಜೆಪೆಗ್‌ನಲ್ಲಿ 256 ಮಾತ್ರ. ಆ ವ್ಯತ್ಯಾಸ ಇಲ್ಲಿ ಕೈಗೆ ಸಿಗುತ್ತದೆ. ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್‌ನಷ್ಟು ಏರಿಸಿ, ಹೈಲೈಟ್, ಅಂದರೆ ಅತಿ ಬೆಳಗುವ ಭಾಗ, ಚೆನ್ನಾಗಿ ಇಳಿಸಿ, ನೆರಳನ್ನು ಸ್ವಲ್ಪ ಎತ್ತಿದರೆ ಗಿರಾಕಿ ತೋರಿಸಿದ ಚಿತ್ರಕ್ಕೆ ಹತ್ತಿರ ಬರುತ್ತದೆ. ಹತ್ತಿಯ ಎಳೆ ಉಳಿಯಿತು, ಜರಿ ಜರಿಯಾಗಿಯೇ ಉಳಿಯಿತು. ಒಂದೇ ಕೊರತೆ ಎಂದರೆ, ಹಿಂದಿದ್ದ ಬೂದು ಗೋಡೆ ತಿಳಿಬೂದು ಆಯಿತೇ ಹೊರತು ಬಿಳಿ ಆಗಲಿಲ್ಲ. ಅದನ್ನು ಬಿಳಿ ಮಾಡುವಷ್ಟು ಏರಿಸಿದರೆ ಮುಖವೂ ಜೊತೆಗೇ ಏರುತ್ತದೆ. ಮಾಸ್ಕ್ ಹಾಕಿ ಬೇರೆ ಮಾಡಬಹುದು, ಆದರೆ ಆಲ್ಬಮ್ ತುಂಬಾ ಹಾಗೆ ಕೂತು ಮಾಡಲು ಯಾರಿಗೆ ಪುರುಸೊತ್ತು ಇದೆ? ಇದರಲ್ಲಿ ಇನ್ನೊಂದು ಅನುಕೂಲ ಇದೆ. ಮ್ಯಾನುಯಲ್‌ನಲ್ಲಿ ಎಲ್ಲ ಚಿತ್ರ ಒಂದೇ ಅಳತೆಯಲ್ಲಿ ತೆಗೆದಿದ್ದರೆ ಒಂದಕ್ಕೆ ಮಾಡಿದ ಎಡಿಟ್ ಎಲ್ಲದಕ್ಕೂ ಕೂರುತ್ತದೆ. ಒಂದು ಓವರ್, ಇನ್ನೊಂದು ಅಂಡರ್ ಇದ್ದರೆ ಯಾವ ಪ್ರಿಸೆಟ್ (ಸಿದ್ಧ ಎಡಿಟ್) ಹಾಕಿದರೂ ಆಲ್ಬಮ್ ಪುಟದಲ್ಲಿ ಅದೇ ಮಗು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತದೆ.

ಮೂರನೆಯದು ನನ್ನ ಮೆಚ್ಚಿನದು. ಇದರಲ್ಲಿ ಮುಖದ ಎಕ್ಸ್‌ಪೋಷರ್ ಮುಟ್ಟುವುದೇ ಇಲ್ಲ, ಸುತ್ತಲಿನ ಲೋಕವನ್ನು ಬಿಳಿ ಮಾಡುವುದು. ನಮ್ಮ ಸ್ಟುಡಿಯೋ ಹಳೇ ಮನೆಯಲ್ಲಿದೆ, ನೆಲ ರೆಡ್ ಆಕ್ಸೈಡಿನದು. ಆ ನೆಲದಿಂದ ಪುಟಿದ ಬೆಳಕು ಮಗುವಿನ ಗಲ್ಲದ ಕೆಳಗೆ ಕೆಂಪಗೆ ಬೀಳುತ್ತದೆ. ಮೊದಲು ನೆಲಕ್ಕೆ ಬಿಳಿ ಬೆಡ್‌ಶೀಟ್ ಹಾಸಿದೆ. ಕೆಂಪು ಹೋಯಿತು, ಗಲ್ಲದ ಕೆಳಗೆ ತಿಳಿ ಬೆಳಕು ಬಂತು. ಮಗುವನ್ನು ಕಿಟಕಿಯ ಹತ್ತಿರ ತಂದು, ನೆರಳಿನ ಕಡೆ ಎರಡು ಅಡಿ ದೂರದಲ್ಲಿ ಥರ್ಮೋಕೋಲ್ ಶೀಟ್ ನಿಲ್ಲಿಸಿದೆ. ಹಿಂದಿನ ಬಿಳಿ ಬಟ್ಟೆಗೆ ಒಂದು ಲೈಟ್ ಬೇರೆ ಕೊಟ್ಟು, ಮುಖದ ಬೆಳಕಿಗಿಂತ ಒಂದು ಸ್ಟಾಪ್ ಜಾಸ್ತಿ ಇಟ್ಟೆ. ಅದಕ್ಕಿಂತ ಜಾಸ್ತಿ ಇಟ್ಟರೆ ಹಿಂದಿನ ಬೆಳಕು ಮುಂದಕ್ಕೆ ಹರಿದು ಮಗುವಿನ ತೆಳು ಕೂದಲಿನ ಅಂಚನ್ನು ತಿಂದುಬಿಡುತ್ತದೆ.

ಈ ಪ್ರಿಂಟ್ ಮೊದಲನೆಯದಕ್ಕಿಂತಲೂ ಬ್ರೈಟ್ ಅನ್ನಿಸುತ್ತದೆ. ಕೆನ್ನೆಯ ಅಳತೆ ಮಾತ್ರ ಅದಕ್ಕಿಂತ ಪೂರ್ತಿ ಒಂದು ಸ್ಟಾಪ್ ಕಡಿಮೆ. ಗಿರಾಕಿ ಬ್ರೈಟ್ ಅಂದಾಗ ಅವರ ಕಣ್ಣು ಹುಡುಕುವುದು ನೆರಳು ಕಡಿಮೆ ಇರುವ, ಬಿಳಿ ಜಾಸ್ತಿ ಇರುವ ಚಿತ್ರ. ಅದನ್ನು ಬೆಡ್‌ಶೀಟು, ಥರ್ಮೋಕೋಲು ಕೊಡುತ್ತವೆ. ಕೆನ್ನೆಯ ಗುಳಿ, ತುಟಿಯ ಮೇಲಿನ ಜೊಲ್ಲಿನ ಹೊಳಪು, ಕಾಡಿಗೆ ಸ್ವಲ್ಪ ಒರೆಸಿಹೋದ ಗುರುತು ಎಲ್ಲ ಹಾಗೇ ಇವೆ. ಮುಂದೆ ಆ ಮಗುವೇ ನೋಡುವಾಗ ಬೇಕಾಗುವುದು ಇವೇ ಅಲ್ವಾ?

ಇದಕ್ಕೆ ಜಾಗ ಬೇಕು, ಸಮಯ ಬೇಕು. ಮಗು ನಿದ್ದೆಗೋ ಹಸಿವಿಗೋ ಅಳಲು ಶುರು ಮಾಡುವ ಮುಂಚೆ ಎಲ್ಲ ಸಿದ್ಧವಿರಬೇಕು. ಅದಕ್ಕೇ ಗೊಂಬೆಯೊಂದನ್ನು ಕೂರಿಸಿ ಬೆಳಕು ಅಳೆದಿಟ್ಟುಕೊಂಡು, ಆಮೇಲೆ ಮಗುವನ್ನು ಕರೆಯುತ್ತೇನೆ.

ನಾಲ್ಕನೆಯದು ಡಾರ್ಕ್. ಇದನ್ನು ಎರಡು ಥರ ತೆಗೆದೆ. ಕ್ಯಾಮೆರಾದಲ್ಲೇ ಒಂದೂವರೆ ಸ್ಟಾಪ್ ಅಂಡರ್ ಮಾಡಿದ್ದು ಪ್ರಿಂಟ್‌ನಲ್ಲಿ ನಿಲ್ಲಲಿಲ್ಲ. ಕಾಡಿಗೆ, ಕಣ್ಣು, ಕೂದಲು, ಹಿನ್ನೆಲೆ ಎಲ್ಲ ಒಂದೇ ಕಪ್ಪಾಗಿ ಕೂಡಿಕೊಂಡವು. ಎಡಿಟಿಂಗ್‌ನಲ್ಲಿ ಎತ್ತಲು ಹೋದರೆ ನೆರಳಲ್ಲಿ ಕಾಳುಕಾಳಾದ ನಾಯ್ಸ್, ಚರ್ಮಕ್ಕೆ ಬೂದಿ ಬಳಿದ ಹಾಗೆ. ಇನ್ನೊಂದರಲ್ಲಿ ಹಿಂದೆ ಒಂದು ಕರಿ ಕಂಬಳಿ, ನೆರಳಿನ ಕಡೆ ಇನ್ನೊಂದು ಕರಿ ಕಂಬಳಿ ಕಟ್ಟಿದೆ. ಕಿಟಕಿಯ ಕಡೆಯ ಕೆನ್ನೆಗೆ ಮಾತ್ರ ಸರಿಯಾಗಿ ಅಳೆದೆ. ಉಣ್ಣೆಯ ಕಂಬಳಿ ಬೆಳಕನ್ನು ಎಷ್ಟು ಚೆನ್ನಾಗಿ ನುಂಗುತ್ತದೆ ಎಂದರೆ, ಅಂಗಡಿಯ ಕಪ್ಪು ಬಟ್ಟೆಯ ಮಿರುಗು ಇದಕ್ಕಿಲ್ಲ. ಬೆಳಕಿನ ಕಡೆಯ ಕೆನ್ನೆ ಸರಿಯಾಗಿದೆ, ಆಚೆ ಕಡೆ ಎರಡು ಸ್ಟಾಪ್ ಇಳಿದಿದೆ, ಎರಡೂ ಕಣ್ಣಲ್ಲಿ ಕಿಟಕಿಯ ಚುಕ್ಕೆ ಹೊಳೆಯುತ್ತಿದೆ. ಡಾರ್ಕ್ ಕೇಳಿದವರಿಗೆ ಈಗ ನಾನು ಕೊಡುವುದು ಇದನ್ನೇ. ಮೋಡದ ಬೆಳಕು ಸ್ವಲ್ಪ ನೀಲಿ, ಡಾರ್ಕ್ ಚಿತ್ರದಲ್ಲಿ ಅದು ಮಗುವನ್ನು ಕಾಯಿಲೆ ಬಿದ್ದ ಹಾಗೆ ತೋರಿಸುತ್ತದೆ. ಆ ನೀಲಿಯನ್ನು ಸರಿದೂಗಿಸಲು ವೈಟ್ ಬ್ಯಾಲೆನ್ಸ್ 6,500 ಕೆಲ್ವಿನ್ ಹತ್ತಿರ ಇಡಬೇಕು.

ಇನ್ನು ಅಜ್ಜಿಯ ಆ ಮಾತು. "ಬೆಳ್ಳಗೆ ಬರಲಿ" ಅನ್ನುವುದನ್ನು ಸ್ಟೈಲ್ ಲೆಕ್ಕಕ್ಕೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಲೈಟ್‌ರೂಮ್‌ನಲ್ಲಿ ಕಿತ್ತಳೆ ಬಣ್ಣದ ಲ್ಯೂಮಿನನ್ಸ್, ಅಂದರೆ ಆ ಬಣ್ಣದ ಬೆಳಗು, ಏರಿಸಿದರೆ ಚರ್ಮ ಬೆಳ್ಳಗಾಗುತ್ತದೆ. ಸ್ಲೈಡರ್ ಹತ್ತು ಹದಿನೈದರ ತನಕ ಇದ್ದರೆ ಕಣ್ಣಿಗೆ ಹೊಡೆಯುವುದಿಲ್ಲ. ಅದರಾಚೆ ಮುಖದ ಉಬ್ಬುತಗ್ಗು ಅಳಿಸಿ ಮುಖ ಚಪ್ಪಟೆಯಾಗುತ್ತದೆ. ಮಗುವನ್ನು ಎತ್ತಿಕೊಂಡ ಅಮ್ಮ ಒಂದು ಬಣ್ಣ, ಮಗು ಇನ್ನೊಂದು ಬಣ್ಣ ಆಗಿ ಕಾಣುತ್ತಾರೆ. ಫೋಟೋದ ಚರಿತ್ರೆಯಲ್ಲೇ ಈ ಪಕ್ಷಪಾತ ಇದೆ. ಪ್ರಿಂಟ್‌ನ ಬಣ್ಣ ಹೊಂದಿಸಲು ಕೋಡಕ್ ಕಂಪನಿ ಲ್ಯಾಬ್‌ಗಳಿಗೆ ಕೊಡುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖವೇ. ನಮ್ಮ ಕಂದು ಚರ್ಮ ಆ ಲೆಕ್ಕದಲ್ಲೇ ಇರಲಿಲ್ಲ. ಇವತ್ತು ಆ ಲೆಕ್ಕ ಇಡುವವರು ನಾವು, ಕ್ಯಾಮೆರಾ ನಮ್ಮ ಕೈಯಲ್ಲಿದೆ. "ಬೆಳಕು ಎಷ್ಟು ಬೇಕಾದರೂ ಕೊಡ್ತೀನಿ ಅಜ್ಜಿ, ಮಗುವಿನ ಬಣ್ಣ ಮಾತ್ರ ಅದರದ್ದೇ ಇರಲಿ" ಎಂದು ನೇರವಾಗಿ ಹೇಳುತ್ತೇನೆ. ಒಂದನೆಯ ಮತ್ತು ಮೂರನೆಯ ಪ್ರಿಂಟ್ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರೆ ಬಹಳಷ್ಟು ಜನ ಮೂರನೆಯದನ್ನೇ ಎತ್ತಿಕೊಳ್ಳುತ್ತಾರೆ. ಎಲ್ಲರೂ ಅಲ್ಲ. ಇನ್ನೂ ಬ್ರೈಟ್ ಬೇಕು ಎಂದು ಹಟ ಹಿಡಿದವರಿಗೆ ಎರಡನೆಯ ರೀತಿಯಲ್ಲಿ ಇನ್ನರ್ಧ ಸ್ಟಾಪ್ ಏರಿಸಿ ಕೊಡುತ್ತೇನೆ. ಮೂಲ ಫೈಲ್ ಸರಿಯಾಗಿರುವುದರಿಂದ ಕೆನ್ನೆ ಆಗಲೂ ಕೆನ್ನೆಯಾಗಿಯೇ ಇರುತ್ತದೆ.

ಫೋನಿನಲ್ಲಿ ತೋರಿಸಿ ಒಪ್ಪಿಗೆ ಪಡೆಯುವುದು ಮಾತ್ರ ಬೇಡ. ಫೋನಿನ ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಎಡಿಟ್ ಮಾಡುವ ಮಾನಿಟರನ್ನು 100ರಿಂದ 120 ನಿಟ್ಸ್ (ಪರದೆಯ ಬೆಳಕಿನ ಅಳತೆ)‌ಗೆ ಇಳಿಸಿಕೊಂಡರೆ ಪ್ರಿಂಟ್ ಹೇಗೆ ಬರುತ್ತದೆ ಎಂಬ ಅಂದಾಜು ಸಿಗುತ್ತದೆ. ಬುಕಿಂಗ್ ಮಾಡುವಾಗಲೇ ಎಲ್ಲಿ ನೋಡುತ್ತೀರಿ ಎಂದು ಕೇಳಿ: ಗೋಡೆಯ ಫ್ರೇಮಾ, ಆಲ್ಬಮ್ಮಾ, ವಾಟ್ಸಾಪ್ ಸ್ಟೇಟಸ್ಸಾ? ಡಾರ್ಕ್ ಚಿತ್ರವನ್ನು ಮ್ಯಾಟ್ ಕಾಗದಕ್ಕೆ ಹಾಕುವುದಾದರೆ ನೆರಳನ್ನು ಇನ್ನೂ ಸ್ವಲ್ಪ ಎತ್ತಬೇಕು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಹಿನ್ನೆಲೆಯ ನುಣುಪಾದ ಕಪ್ಪು ಪಟ್ಟಿಪಟ್ಟಿಯಾಗಿ ಒಡೆಯುತ್ತದೆ.

ಮೊದಲನೆಯ ದಾರಿ ಪೂರ್ತಿ ಕೆಲಸಕ್ಕೆ ಬಾರದ್ದು ಅನ್ನುವುದಿಲ್ಲ. ಈಗಷ್ಟೇ ಹುಟ್ಟಿದ ಕೂಸಿನ ಚರ್ಮ ಕೆಂಪುಕೆಂಪಾಗಿ, ಅಲ್ಲಲ್ಲಿ ಮಚ್ಚೆಯಂತೆ ಇರುತ್ತದೆ. ಅಲ್ಲಿ ಮೂರನೇ ಒಂದರಿಂದ ಅರ್ಧ ಸ್ಟಾಪ್ ಏರಿಸಿದರೆ ಆ ಕೆಂಪು ತಿಳಿಯಾಗುತ್ತದೆ. ಆಗಲೂ ರಾ ಫೈಲಿನಲ್ಲೇ, ಕೆಂಪು ಚಾನಲ್ ಹಿಸ್ಟೋಗ್ರಾಮಿನ ಬಲಗೋಡೆಗೆ ತಾಗದ ಹಾಗೆ. ಹೊಸದಾಗಿ ಸ್ಟುಡಿಯೋ ಹಾಕುವವರು ನನ್ನನ್ನು ಕೇಳಿದರೆ, ಎರಡನೆಯದನ್ನು ಕೈಗೆ ಹತ್ತಿಸಿಕೊಂಡು, ಉಳಿದ ದುಡ್ಡನ್ನು ಪ್ರಿಸೆಟ್ ಪ್ಯಾಕ್‌ಗಳಿಗೆ ಸುರಿಯದೆ ಎರಡು ಬಿಳಿ ಬೆಡ್‌ಶೀಟು, ನಾಲ್ಕು ಥರ್ಮೋಕೋಲ್ ಶೀಟು, ಒಂದು ಜೊತೆ ಕರಿ ಕಂಬಳಿಗೆ ಹಾಕಿ ಎನ್ನುತ್ತೇನೆ.