ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್: ಹಳೆಯ ಡಿಸ್ಕೋ ಹಾಡುಗಳಿಗೆ ಸಾಕೇ?

1980ರ ದಶಕದ ಡಿಸ್ಕೋ ಧಾಟಿಯ ಚಿತ್ರಗೀತೆ, ಜಾತ್ರೆಯಲ್ಲಿ ಮಾರುತ್ತಿದ್ದ ಜನಪದ ಕ್ಯಾಸೆಟ್ಟು: ಇವನ್ನು ಇಯರ್‌ಫೋನ್ ಹಾಕಿಕೊಂಡು ಗುಟ್ಟಾಗಿ ಕೇಳಿ ಖುಷಿಪಡುವವರು ಬಹಳ. ಎಂಪಿ3 ಮಾಡಿಕೊಳ್ಳಲು ಕಂಪ್ಯೂಟರಿಗೆ ಜೋಡಿಸುವ, ವಾಕ್‌ಮನ್ ಗಾತ್ರದ ಅಗ್ಗದ ಯುಎಸ್‌ಬಿ ಪ್ಲೇಯರ್ ಸಾಕು, ಆದರೆ ಅದಕ್ಕೊಂದಿಷ್ಟು ರಿಪೇರಿ ಬೇಕು.

ದೊಡ್ಡ ದೋಷ ವೇಗದ್ದು. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಈ ಪ್ಲೇಯರಿನ ಫ್ಲೈವೀಲ್ (ಓಟವನ್ನು ಸಮವಾಗಿಡುವ ಚಕ್ರ) ತೀರ ಹಗುರ, ಹಾಗಾಗಿ ಎಳೆದ ಸ್ವರ ನಡುಗುತ್ತದೆ. ಕೊಳಲು, ಶಹನಾಯಿಯಲ್ಲಿ ಕಿವಿಗೆ ಹೊಡೆಯುತ್ತದೆ. ಡ್ರಮ್ ಜೋರಿರುವ ಡಿಸ್ಕೋದಲ್ಲಿ ಅಷ್ಟು ಗೊತ್ತಾಗದು. ಇದಕ್ಕೆ ಮದ್ದಿಲ್ಲ.

ದನಿ ಮಂಕಾಗಿದ್ದರೆ ಮೊದಲು ಹೆಡ್ (ಟೇಪಿನಿಂದ ದನಿ ಓದುವ ಭಾಗ) ಮತ್ತು ರಬ್ಬರ್ ರೋಲರ್ ಮೇಲಿನ ಕಂದು ಪುಡಿಯನ್ನು ತೆಗೆಯಿರಿ. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿ ಸಾಕು. ಆಮೇಲೂ ಮಂಕೇ? ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ತಾಳದ ಝಣಝಣ ಸ್ಪಷ್ಟವಾದಲ್ಲಿ ನಿಲ್ಲಿಸಿ. ಕ್ಯಾಸೆಟ್ಟಿನೊಳಗಿನ ಫೆಲ್ಟ್ ತುಂಡು ಉದುರಿದ್ದರೂ ಹೀಗೇ ಆಗುತ್ತದೆ. ಹಾಳಾದ ಇನ್ನೊಂದು ಕ್ಯಾಸೆಟ್ಟಿನದನ್ನು ಕಿತ್ತು ಇದಕ್ಕೆ ಕೂರಿಸಿ.

ಕಂಪ್ಯೂಟರಿನಲ್ಲಿ ದನಿ ಮುದ್ರಿಸುವ ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುವಾಗ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸಿ-60 (60 ನಿಮಿಷದ) ಕ್ಯಾಸೆಟ್ಟಿನ ಒಂದು ಬದಿಗೆ 30 ನಿಮಿಷ ಹಿಡಿಯುತ್ತದೆ. ಮನೆಯಲ್ಲಿ ಹಳೆಯ ಟೇಪ್ ಡೆಕ್ ಇದ್ದರೆ ಇದನ್ನು ಕೊಳ್ಳಲೇಬೇಡಿ, ಅದಕ್ಕೆ ಹೊಸ ಬೆಲ್ಟ್ ಹಾಕಿಸಿ.