ಹಳೆಯ ಲೆನ್ಸ್ ಕೊಳ್ಳುವವರೇ, ಹಿಂಬದಿಯ ಕಡ್ಡಿ ಒತ್ತಿ ನೋಡಿ

ಮೊದಲು ಮೊತ್ತ ಹೇಳಿಬಿಡುತ್ತೇನೆ: ಒಂದು ಹಳೆಯ ಕ್ಯಾಮೆರಾ ಲೆನ್ಸ್‌ಗೆ ನಾನು ಕೊಟ್ಟದ್ದು 18,500 ರೂಪಾಯಿ. ಮನೆಯಲ್ಲಿ ಇನ್ನೂ 12,000 ಎಂದೇ ಹೇಳಿದ್ದೇನೆ. ನಾಚಿಕೆಯೂ ಆಗುತ್ತಿದೆ, ಸಿಟ್ಟೂ ಬರುತ್ತಿದೆ. ಆದರೂ ಬರೆಯಲೇಬೇಕು. ಪ್ರವಾಸಕ್ಕೆ ಎಲ್ಲದಕ್ಕೂ ಆಗುವ ಒಂದು ಲೆನ್ಸ್ ಸಿಕ್ಕರೆ ಸಾಕು ಎಂದು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ಹುಡುಕಿಕೊಂಡು ಬರುವ ನನ್ನಂಥವರು ಬಹಳ ಜನ ಇದ್ದಾರೆ. ಅಂಗಡಿಯ ಹೆಸರು ಹಾಕುವುದಿಲ್ಲ. ಹಾಕಿದರೆ ಸಾಬೀತು ಮಾಡಲು ನನ್ನ ಬಳಿ ನೆಟ್ಟಗಿನ ಬಿಲ್ಲೂ ಇಲ್ಲ. ಅದು ಹೇಗೆ ಇಲ್ಲದಂತಾಯಿತು ಎಂಬುದನ್ನೂ ಹೇಳುತ್ತೇನೆ.

ನನ್ನದು ನಿಕಾನ್ ಡಿ7200 ಕ್ಯಾಮೆರಾ. ಜೊತೆಗೆ 18-55, 55-200 ಎಂಬ ಎರಡು ಲೆನ್ಸ್. ಈ ಅಂಕಿಗಳು ಮಿಲಿಮೀಟರ್ ಲೆಕ್ಕ: ಚಿಕ್ಕದಾದಷ್ಟೂ ಅಗಲದ ನೋಟ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಹಿಂದಿನ ವರ್ಷ ಹಂಪಿಯ ಮಾತಂಗ ಬೆಟ್ಟದ ಮೇಲೆ, ಸೂರ್ಯ ಮೂಡುವ ಹೊತ್ತಿಗೆ, ಬೀಸುವ ಗಾಳಿಯಲ್ಲಿ ಲೆನ್ಸ್ ಬದಲಾಯಿಸಿದೆ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ದೂಳು ಕೂತಿತು. ಅಲ್ಲಿಂದ ಮುಂದೆ ತೆಗೆದ ಚಿತ್ರಗಳ ಆಕಾಶದ ತುಂಬ ಕಪ್ಪು ಚುಕ್ಕೆ. ಈ ಸಲ ಅಮ್ಮನ ಜೊತೆ ಹೊರಟಿದ್ದೆ. ಅವರಿಗೆ 74. ಬನಶಂಕರಿಗೆ ಹೋಗಬೇಕು ಎಂಬುದು ಎಷ್ಟೋ ವರ್ಷಗಳ ಆಸೆ. ಹಾಗೇ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಒಂದು ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಲೆನ್ಸ್ ಬದಲಾಯಿಸಲು ಆಗುತ್ತದೆಯೇ? ಅದಕ್ಕೇ ಒಂದು ಲೆನ್ಸ್.

ನಾನು ಕೇಳಿಕೊಂಡು ಹೋದದ್ದು 18-140. ಅಂಗಡಿಯವನು ಅದನ್ನು ಹೊರಗೆ ತೆಗೆಯಲೇ ಇಲ್ಲ. 'ಸರ್, 140 ಎಲ್ಲಿಗೆ ಸಾಕಾಗುತ್ತದೆ? ಶಿಖರದ ತುದಿಯ ಕೆತ್ತನೆ ಬೇಡವೇ ನಿಮಗೆ? ಇದನ್ನು ಒಮ್ಮೆ ಹಾಕಿದರೆ ಮನೆಗೆ ಬರುವ ತನಕ ಬಿಚ್ಚುವ ಕೆಲಸವೇ ಇಲ್ಲ' ಎಂದು 18-200 ಕೈಗಿಟ್ಟ. 'ಎರಡನೆಯ ಆವೃತ್ತಿ ಸರ್, ವಿಆರ್ ಟೂ' ಎಂದ. ವಿಆರ್ ಎಂದರೆ ಕೈ ನಡುಗಿದರೂ ಚಿತ್ರ ಕದಡದಂತೆ ತಡೆಯುವ ವ್ಯವಸ್ಥೆ. ತಿರುಗಿಸಿದೆ, ಬೆಣ್ಣೆಯ ಹಾಗೆ ಜಾರಿತು. 'ಎಷ್ಟು ಸ್ಮೂತ್ ಇದೆ ನೋಡಿ ಸರ್!'

ಆಮೇಲೆ ಟಾರ್ಚ್. ಹಳೆಯ ಲೆನ್ಸ್‌ಗೆ ಟಾರ್ಚ್ ಹಾಕಿ ನೋಡಬೇಕು ಎಂಬುದು ನನಗೂ ಗೊತ್ತಿತ್ತು. ನಾನು ಕೇಳುವ ಮೊದಲೇ ಅವನೇ ಮೊಬೈಲ್ ಟಾರ್ಚ್ ಹಚ್ಚಿ, ಲೆನ್ಸ್‌ನ ಹಿಂದೆ ಹಿಡಿದು, 'ನೀವೇ ನೋಡಿಬಿಡಿ ಸರ್, ಆಮೇಲೆ ನನ್ನ ಮೇಲೆ ಹೇಳಬಾರದು' ಎಂದ. ನೋಡಿದೆ. ನಡುವೆ ಸಣ್ಣ ಬೆಳಕಿನ ಚುಕ್ಕೆ, ಸುತ್ತ ಕಪ್ಪು. ಎಲ್ಲಿಯೂ ಏನೂ ಕಾಣಲಿಲ್ಲ. ತಾನೇ ಮುಂದಾಗಿ ತೋರಿಸುತ್ತಿದ್ದಾನೆಂದರೆ ಪ್ರಾಮಾಣಿಕ ಮನುಷ್ಯ ಎಂದುಕೊಂಡೆ. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

'ಇವತ್ತು ಯುಪಿಐ ಕೆಲಸ ಮಾಡುತ್ತಿಲ್ಲ ಸರ್, ಪಕ್ಕದಲ್ಲೇ ಎಟಿಎಂ ಇದೆ' ಎಂದ. ನಗದು ತಂದುಕೊಟ್ಟೆ. ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟೇ: 'ಲೆನ್ಸ್ 1, 18,500, ಚೆಕಿಂಗ್ 7 ದಿನ'. ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಸಹಿಯೂ ಇಲ್ಲ.

ಬಾದಾಮಿಯಲ್ಲಿ ಮೇಣಬಸದಿ ಎನ್ನುವ ಗುಹಾಲಯಗಳ ಮೆಟ್ಟಿಲುಗಳನ್ನು ಅಮ್ಮ ನಿಂತು ನಿಂತು ಹತ್ತಿದರು. ಕೆಳಗೇ ಕೂತಿರಿ ಎಂದರೂ ಕೇಳಲಿಲ್ಲ. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು, ಚಾಲುಕ್ಯ ಅರಸ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು, ಅಲ್ಲಿನ ಶಾಸನ ಕ್ರಿ.ಶ. 578ರದ್ದು. ಶೇಷನ ಮೇಲೆ ಕುಳಿತ ವಿಷ್ಣುವನ್ನು ಬಹಳ ಹೊತ್ತು ನೋಡಿ, ಕೈಮುಗಿದು, ಕಂಬಕ್ಕೆ ಒರಗಿ ಕೂತರು. ಒಳಗೆ ತಂಪು ಕತ್ತಲೆ, ಅವರ ಹಿಂದೆ ಕಂಬಗಳ ನಡುವಿನಿಂದ ಹೊರಗಿನ ಬೆಳಕು. ಇಂಥ ಒಂದು ಚಿತ್ರಕ್ಕಾಗಿಯೇ ನಾನು ಕ್ಯಾಮೆರಾ ಹಿಡಿದದ್ದು. ತೆಗೆದೆ. ಪರದೆಯ ಮೇಲೆ ನೋಡಿದರೆ ಚಿತ್ರಕ್ಕೆಲ್ಲ ಹಾಲು ಚೆಲ್ಲಿದ ಹಾಗಿತ್ತು. ಕಂಬದ ಕಪ್ಪು ಕಪ್ಪಾಗಿಲ್ಲ, ಅಮ್ಮನ ಮುಖ ಮಂಜಿನೊಳಗೆ. ಗಾಜು ಒರೆಸಿದೆ, ಮತ್ತೆ ತೆಗೆದೆ. ಅಡ್ಡಬೆಳಕು ತಡೆಯುವ ಹುಡ್ ಹಾಕಿದೆ, ಮತ್ತೆ ತೆಗೆದೆ. ಹತ್ತು ಸಲ ತೆಗೆದೆ. ಹತ್ತೂ ಹಾಗೆಯೇ. ಅಮ್ಮ 'ಆಯಿತೇನೋ?' ಎಂದು ಕೇಳುತ್ತಲೇ ಇದ್ದರು.

ಇಳಿಯುವಾಗ ಇನ್ನೊಂದು. ಕ್ಯಾಮೆರಾ ಕೊರಳಲ್ಲಿ ನೇತಾಡುತ್ತಿದ್ದರೆ ಲೆನ್ಸ್ ತಾನಾಗಿಯೇ ಜಾರಿ ಪೂರ್ತಿ ಉದ್ದವಾಗಿ ಮೆಟ್ಟಿಲಿಗೆ ತಾಗುವುದರಲ್ಲಿತ್ತು. ಸ್ಮೂತ್ ಎಂದನಲ್ಲ, ಅದು ಇದೇ! ಆಮೇಲೆ ತಿಳಿಯಿತು: ಈ ಲೆನ್ಸ್ ಮೊದಲು ಬಂದದ್ದು 2005ರಲ್ಲಿ, ಹೀಗೆ ಜಾರದಂತೆ 18ರಲ್ಲಿ ಹಿಡಿದಿಡುವ ಲಾಕ್ ಗುಂಡಿ ಬಂದದ್ದು 2009ರ ಎರಡನೆಯ ಆವೃತ್ತಿಗೆ. ನನ್ನದರಲ್ಲಿ ಆ ಗುಂಡಿಯೇ ಇಲ್ಲ. ಕೊಳ್ಳುವಾಗ ಅದನ್ನು ನೋಡಬೇಕೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಊರೊಳಗಿನ ಒಂದು ಸ್ಟುಡಿಯೊಗೆ ಹೋದೆ. ಮದುವೆ ಫೋಟೊ ತೆಗೆಯುವ ಹಿರಿಯರು. ಲೆನ್ಸ್ ಬಿಚ್ಚಿ ಹಿಂಬದಿ ತಿರುಗಿಸಿ, ಅಂಚಿನಲ್ಲಿರುವ ಪುಟ್ಟ ಲೋಹದ ಕಡ್ಡಿಯನ್ನು ಕಿರುಬೆರಳ ಉಗುರಿನಿಂದ ಪಕ್ಕಕ್ಕೆ ಒತ್ತಿದರು. ಒಳಗಿನ ಕಪ್ಪು ರೆಕ್ಕೆಗಳು ಸರಕ್ಕನೆ ತೆರೆದವು. ಟಾರ್ಚ್ ಹಾಕಿದರು. ಜೇಡರ ಬಲೆ! ನಡುಗಾಜಿನ ಒಂದು ಅಂಚಿನಿಂದ ಹೊರಟು, ಬೇರು ಬಿಟ್ಟ ಹಾಗೆ ಕವಲೊಡೆದು, ಅರ್ಧ ಗಾಜಿಗೆ ಹಬ್ಬಿದ ಬಿಳಿ ಫಂಗಸ್. 'ನಿಮಗೆ ಟಾರ್ಚ್ ಹಾಕಿ ತೋರಿಸಿದವರು ಈ ಕಡ್ಡಿ ಒತ್ತಿದ್ದರೇನು ಸರ್?' ಎಂದು ಕೇಳಿದರು.

ಒತ್ತಿರಲಿಲ್ಲ. ನಿಕಾನ್‌ನ ಇಂಥ ಲೆನ್ಸ್‌ಗಳನ್ನು ಕ್ಯಾಮೆರಾದಿಂದ ಬಿಚ್ಚಿದರೆ ಅಪರ್ಚರ್, ಅಂದರೆ ಆ ಕಪ್ಪು ರೆಕ್ಕೆಗಳ ನಡುವಿನ ಬೆಳಕಿನ ಕಿಂಡಿ, ಮುಚ್ಚಿಕೊಂಡು ಸೂಜಿಕಣ್ಣಿನಷ್ಟು ತೂತು ಮಾತ್ರ ಉಳಿಯುತ್ತದೆ. ಕ್ಯಾನನ್ ಇಎಫ್ ಲೆನ್ಸ್‌ಗಳು ಬಿಚ್ಚಿದಾಗಲೂ ತೆರೆದೇ ಇರುತ್ತವೆ, ಅಲ್ಲಿ ಈ ಆಟ ನಡೆಯುವುದಿಲ್ಲ. ದಿನವೂ ಲೆನ್ಸ್ ಮಾರುವವನಿಗೆ ಇದು ಗೊತ್ತಿಲ್ಲ ಎಂದು ನಾನು ಒಪ್ಪುವುದಿಲ್ಲ. ಕತ್ತಲೆಗೆ ಟಾರ್ಚ್ ಹಿಡಿದು 'ನೀವೇ ನೋಡಿ' ಎಂದ. ನನ್ನ ಕಣ್ಣನ್ನೇ ನನ್ನ ವಿರುದ್ಧ ಸಾಕ್ಷಿ ಮಾಡಿದ.

ಅಲ್ಲಿಂದಲೇ ಫೋನ್ ಮಾಡಿದೆ. ಅದು ಆರನೆಯ ದಿನ. 'ಅದು ದೂಳು ಸರ್, ಎಲ್ಲ ಲೆನ್ಸ್‌ನಲ್ಲೂ ಇರುತ್ತದೆ.' ಚಿತ್ರ ತೆಗೆದು ಕಳುಹಿಸಿದೆ. 'ಬರುವಾಗ ತನ್ನಿ ಸರ್, ನೋಡೋಣ, ನಾವೇನು ಓಡಿಹೋಗುತ್ತೇವೆಯೇ?' ಒಂಬತ್ತನೆಯ ದಿನ ಅಂಗಡಿಗೆ ಹೋದೆ. 'ಚೆಕಿಂಗ್ ಏಳು ದಿನ ಎಂದು ಬರೆದುಕೊಟ್ಟಿದ್ದೇನಲ್ಲ ಸರ್.' ಆರನೆಯ ದಿನವೇ ಫೋನ್ ಮಾಡಿದ್ದೆನಲ್ಲ ಎಂದರೆ, 'ಫೋನ್ ಲೆಕ್ಕಕ್ಕಿಲ್ಲ, ವಸ್ತು ಬರಬೇಕು.' ಎರಡನೆಯ ಆವೃತ್ತಿ ಎಂದಿರಲ್ಲ ಎಂದರೆ, 'ವಿಆರ್ ಟೂ ಎಂದೆ. ಹಳೆಯದರಲ್ಲೂ ಇರುವುದು ವಿಆರ್ ಟೂ ತಂತ್ರಜ್ಞಾನವೇ, ಬೇಕಾದರೆ ನೋಡಿಕೊಳ್ಳಿ.' ಅದು ನಿಜವಂತೆ! ಅವನು ಎರಡು ಮಾತು ಹೇಳಿದ್ದ, ಈಗ ಒಂದನ್ನು ಮಾತ್ರ ಉಳಿಸಿಕೊಂಡ. ಕೊನೆಗೆ ಕೇಳಿದ: 'ನಿಮ್ಮದು ಯಾವ ಊರು ಸರ್? ಸಾಗರವೇ? ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯದೆ ಇನ್ನೇನಾಗುತ್ತದೆ?' ಡಿಸೆಂಬರ್ ತಿಂಗಳಲ್ಲಿ, ಆರೇ ದಿನದಲ್ಲಿ, ಅದೂ ಬಾದಾಮಿಯ ಒಣಹವೆಯಲ್ಲಿ! ನಾನು ದನಿ ಏರಿಸಿದಾಗ ತಣ್ಣಗೆ ಹೇಳಿದ: 'ಈ ಲೆನ್ಸ್ ನಾನೇ ಕೊಟ್ಟದ್ದು ಎನ್ನುವುದಕ್ಕೆ ಏನಿದೆ ಸರ್? ಚೀಟಿಯಲ್ಲಿ ನಂಬರ್ ಇದೆಯೇ?'

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡೋಣ ಎಂದುಕೊಂಡು ಆ ಚೀಟಿಯನ್ನು ಎಷ್ಟು ಸಲ ನೋಡಿದೆನೋ. ಅಂಗಡಿಯ ಹೆಸರೂ ಇಲ್ಲದ ತುಂಡು ಕಾಗದ. ರಿಪೇರಿಯವರು 5,000 ಕೇಳುತ್ತಿದ್ದಾರೆ. ಫಂಗಸ್ ಗಾಜಿನ ಕೋಟಿಂಗ್ ತಿಂದಿದ್ದರೆ ಒರೆಸಿದರೂ ಗುರುತು ಹೋಗುವುದಿಲ್ಲ, ಗ್ಯಾರಂಟಿ ಕೊಡುವುದಿಲ್ಲ ಎಂದೂ ಹೇಳಿದ್ದಾರೆ.

ಇನ್ನೊಂದು ಮಾತು, ಇದು ಹೊಟ್ಟೆ ಉರಿಸುವಂಥದ್ದು. ಮನೆಗೆ ಬಂದು ಲೆಕ್ಕ ಹಾಕಿದೆ. ನಾಲ್ಕು ದಿನದಲ್ಲಿ 612 ಚಿತ್ರ. ಅದರಲ್ಲಿ 430 ಚಿತ್ರ 35ರ ಒಳಗೇ ತೆಗೆದದ್ದು. 200ರಲ್ಲಿ ತೆಗೆದದ್ದು 31. ನಮ್ಮ ಗುಡಿಗಳಲ್ಲಿ ಬೇಕಾಗುವುದು ಅಗಲ, ಆಮೇಲೆ ಬೆಳಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ, ಒಳಗೆ ಕತ್ತಲೆ, ಈ ಲೆನ್ಸ್ 200ಕ್ಕೆ ಹೋಗುವಾಗ ಎಫ್ 5.6ಕ್ಕೆ ಇಳಿಯುತ್ತದೆ, ಅಂದರೆ ಒಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ನಾನು ಕೇಳಿಕೊಂಡು ಹೋದ 18-140 ಧಾರಾಳವಾಗಿ ಸಾಕಿತ್ತು. ಬೇಡದ 60 ಮಿಲಿಮೀಟರ್‌ಗೆ ಬಾಯಿಬಿಟ್ಟೆ.

ನೀವು ಹೋಗುವುದಾದರೆ ನಿಮ್ಮ ಟಾರ್ಚ್ ನೀವೇ ಒಯ್ಯಿರಿ, ಕಡ್ಡಿ ನೀವೇ ಒತ್ತಿ, ಎರಡೂ ಕಡೆಯಿಂದ ನೋಡಿ. ಕಿಟಕಿಯ ಬೆಳಕಿಗೆ ಎದುರಾಗಿ ಒಂದು ಚಿತ್ರ ತೆಗೆಯದೆ ದುಡ್ಡು ಕೊಡಬೇಡಿ. ನನಗೆ ಅವನು ರಸ್ತೆಯ ಬೋರ್ಡನ್ನು ಬಿಸಿಲಲ್ಲಿ ತೆಗೆದು ತೋರಿಸಿದ್ದ, ಅದರಲ್ಲಿ ಏನೂ ತಿಳಿಯುವುದಿಲ್ಲ. ಸೀರಿಯಲ್ ನಂಬರ್ ಬರೆದ ಬಿಲ್ ಕೊಡದವನ ಅಂಗಡಿಯಿಂದ ಎದ್ದು ಬನ್ನಿ. ನಗದು ಕೇಳಿದರೆ ಆಗಲೇ ಎದ್ದು ಬನ್ನಿ.

ಅಮ್ಮ ಕಂಬಕ್ಕೆ ಒರಗಿ ಕೂತ ಆ ಚಿತ್ರವನ್ನು ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕು ಎನ್ನುತ್ತಿದ್ದಾರೆ. ನಿನ್ನೆಯೂ ಕೇಳಿದರು. ಸ್ಟುಡಿಯೊಗೆ ಕೊಟ್ಟಿದ್ದೇನೆ, ಬರುತ್ತದೆ ಎಂದಿದ್ದೇನೆ.